ಗಾಲಿಯ ಒಳಂಚು

ಮನುಷ್ಯನು ಕಂಡುಕೊಂಡ ಸಾಧನಗಳಲ್ಲಿ ಚಕ್ರವು ಬಹು ಪ್ರಾಚೀನವಾದುದು. ನಾಭಿ, ಅರ, ನೇಮಿ, ಅಕ್ಷ ಎಂದು ಅದರ ಅವಯವಗಳಿಗೆ ಪೂರ್ವಿಕರಿಟ್ಟ ಹೆಸರುಗಳು ಇಂದಿಗೂ ಅಳಿದಿಲ್ಲ. ರಘುವಂಶದ ಪ್ರಥಮ ಸರ್ಗದಲ್ಲಿ ದಿಲೀಪನ ಪ್ರಜೆಗಳ ನಡತೆಗೆ ರಥದ ನೇಮಿಯೇ ಉಪಮಾನವಾಗಿರುವುದನ್ನು ಕಾವ್ಯಾಭ್ಯಾಸವುಳ್ಳವರು ಬಲ್ಲರು. ಜಾಡು ತಪ್ಪದೆ ಉರುಳುವುದು ಚಕ್ರದ ಸ್ವಭಾವವೆಂಬುದು ಅದರ ಆಶಯ. ಆದರೆ ಜಾಡು ತಪ್ಪದೆ ಉರುಳುವಂತೆ ತೋರುತ್ತಲೇ ಒಳಗಿಂದೊಳಗೆ ತನ್ನನ್ನು ತಾನೇ ತೇಯ್ದುಕೊಳ್ಳುವ ಚಕ್ರವೂ ಉಂಟು. ಅಂತಹುದೊಂದು ಸಂಗತಿ ಮೈಸೂರಿನ ಸರಸ್ವತೀಪುರದ ಒಂದು ಮನೆಯಲ್ಲಿ ಈಚೆಗೆ ನಡೆಯಿತು.

ಮೈಸೂರು ಗಾಲಿಗೆ ಹೊಸತಾದ ಊರಲ್ಲ. ಅರಮನೆಯ ಸುತ್ತಣ ಬೀದಿಗಳಲ್ಲಿ ಟಾಂಗಾಗಳ ಸದ್ದು ಇನ್ನೂ ಪೂರ್ಣವಾಗಿ ಅಡಗಿಲ್ಲ. 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆಯು ಇಲ್ಲಿಯೇ ಮೋಟಾರು ಸೈಕಲ್ಲುಗಳನ್ನು ಮಾಡಿ ದೇಶಕ್ಕೆಲ್ಲ ಕಳುಹಿಸಿತು. ಕೃಷ್ಣರಾಜಸಾಗರದ ರಸ್ತೆಯಲ್ಲಿ ಹುಟ್ಟಿದ ವಿಕ್ರಾಂತ್ ಟೈರು ಕಾರ್ಖಾನೆಯು 1997ರಲ್ಲಿ ಜೆ. ಕೆ. ಸಂಸ್ಥೆಯ ಕೈಸೇರಿ ಇಂದಿಗೂ ಟೈರುಗಳನ್ನು ತಯಾರಿಸುತ್ತಿದೆ. ಹೀಗೆ ಟೈರು ಹುಟ್ಟುವ ಊರಿನಲ್ಲಿಯೇ ಟೈರಿನ ಮರ್ಮವನ್ನರಿಯದವರು ಬಹುಮಂದಿ ಇರುವುದು ಆಶ್ಚರ್ಯವೇನೂ ಅಲ್ಲ. ಅನ್ನವುಣ್ಣುವವರೆಲ್ಲ ಬೇಸಾಯವನ್ನು ಬಲ್ಲರೆ?

ಆ ಮನೆಯ ಮಗನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವವನು. ವಾರಕ್ಕೊಮ್ಮೆ ಮೈಸೂರಿಗೆ ಬಂದು ವಿಧವೆಯಾದ ತಾಯಿಯನ್ನು ನೋಡಿಕೊಂಡು ಹೋಗುವುದು ಅವನ ನಿಯಮ. ಬೆಂಗಳೂರು ಮೈಸೂರುಗಳ ನಡುವಣ ಹೊಸ ಹೆದ್ದಾರಿಯು 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಮೇಲೆ ಅವನು ಶಕ್ತಿಶಾಲಿಯಾದ ಎಂಜಿನ್ನುಳ್ಳ ಸೆಡಾನ್ ಜಾತಿಯ ಕಾರೊಂದನ್ನು ಕೊಂಡನು. ಅದರ ಗಾಲಿಗಳು 18 ಅಂಗುಲದವು. ಟೈರುಗಳು 225 ಮಿಲಿಮೀಟರು ಅಗಲವಾಗಿದ್ದು ಪಕ್ಕದ ಗೋಡೆಯ ಎತ್ತರ ಕೇವಲ 90 ಮಿಲಿಮೀಟರು. ಅಗಲವಾಗಿಯೂ ಕುಳ್ಳಾಗಿಯೂ ಇರುವ ಇಂತಹ ಟೈರು ತಿರುವಿನಲ್ಲಿ ನೆಲವನ್ನು ಬಿಗಿಯಾಗಿ ಹಿಡಿಯುವುದು ನಿಜ. ಆದರೆ ಗಾಲಿಯ ಕೋನದಲ್ಲಿ ಸ್ವಲ್ಪ ತಪ್ಪಿದ್ದರೂ ಅದನ್ನು ಮನ್ನಿಸದೆ ಒಂದೇ ಅಂಚಿನಲ್ಲಿ ಸವೆದು ತೋರಿಸುವುದು.

ಕಾರು ಬಂದು ಕೆಲವು ತಿಂಗಳಾದ ಮೇಲೆ ಮಗನು ಅದರ ಸ್ಪ್ರಿಂಗುಗಳನ್ನು ತೆಗೆಸಿ ಗಿಡ್ಡವಾದ ಬೇರೆ ಸ್ಪ್ರಿಂಗುಗಳನ್ನು ಹಾಕಿಸಿದನು. ಕಾರು ನೆಲಕ್ಕೆ ಹತ್ತಿರವಾಗಿ, ನೋಡುವುದಕ್ಕೆ ನೆಗೆಯಲು ಹೊಂಚುವ ಹುಲಿಯಂತಾಯಿತು. ಈ ವಿಷಯವನ್ನು ಅವನು ಮನೆಯಲ್ಲಿ ಹೇಳಲಿಲ್ಲ. ಹತ್ತುವಾಗ ಇಳಿಯುವಾಗ ಮಂಡಿ ನೋಯುವುದೆಂದು ತಾಯಿ ಹೇಳಿದಾಗ, ಕಾರುಗಳೇ ಹಾಗೆ ಎಂದು ಮಾತನ್ನು ತೇಲಿಸಿಬಿಟ್ಟನು.

ಒಂದು ವರ್ಷ ತುಂಬುವುದರೊಳಗೆ ಮುಂದಿನ ಎರಡು ಟೈರುಗಳೂ ಸವೆದುವು. ಅಂಗಡಿಯವರು ಹೊಸ ಟೈರುಗಳನ್ನು ಹಾಕಿ, ಗಾಲಿಗಳ ಅಲೈನ್‌ಮೆಂಟ್ ಮಾಡಿಸುವಿರಾ ಎಂದು ಕೇಳಿದರು. ಆತನು, “ಕಾರು ಬಾಣದ ಹಾಗೆ ನೆಟ್ಟಗೆ ಓಡುತ್ತಿದೆ, ಸ್ಟಿಯರಿಂಗ್ ಒಂದು ಕಡೆಗೂ ಎಳೆಯುವುದಿಲ್ಲ, ಅದರ ಅಗತ್ಯವೇನು?” ಎಂದು ಹೇಳಿ ಹೊರಟುಬಿಟ್ಟನು. ಟೈರು ಬೇಗ ಸವೆದುದಕ್ಕೆ ರಸ್ತೆಯನ್ನೂ ರಬ್ಬರನ್ನೂ ದೂರಿದನು. ಪರರ ಮೇಲೆ ಹೊರಿಸಿದ ದೋಷವು ಎಷ್ಟು ಹಗುರವಾಗಿರುವುದೆಂಬುದು ಎಲ್ಲರಿಗೂ ಅನುಭವಸಿದ್ಧವಷ್ಟೆ.

ಮುಂದಿನ ಆಷಾಢದಲ್ಲಿ ಬೆಂಗಳೂರಿನಲ್ಲಿರುವ ಮಗಳ ಮನೆಯಲ್ಲಿ ಮಗುವಿನ ನಾಮಕರಣವು ಗೊತ್ತಾಗಿತ್ತು. ತಾಯಿ, ಮಗ, ಸೊಸೆ, ಎರಡು ಮಕ್ಕಳು, ಐವರೂ ಕಾರಿನಲ್ಲಿಯೇ ಬೆಳಗ್ಗೆ ಹೊರಡತಕ್ಕುದೆಂದು ನಿಶ್ಚಯವಾಯಿತು. ಹಿಂದಿನ ರಾತ್ರಿಯಿಂದ ಮಳೆ ಹಿಡಿದಿದ್ದು ಮುಂಜಾನೆ ತುಸು ಬಿಟ್ಟಿತ್ತು. ತಾಯಿ ಎಂದಿನಂತೆ ಬಾಗಿಲಿಗೆ ನೀರು ಹಾಕಿ ರಂಗವಲ್ಲಿಯಿಡಲು ಕುಳಿತರು. ಕಾರು ಗೇಟಿನ ಪಕ್ಕದಲ್ಲಿಯೇ ನಿಂತಿತ್ತು. ರಾತ್ರಿ ನಿಲ್ಲಿಸುವಾಗ ಮಗನು ಸ್ಟಿಯರಿಂಗನ್ನು ಪೂರ್ತಿಯಾಗಿ ಒಂದು ಪಕ್ಕಕ್ಕೆ ತಿರುಗಿಸಿ ಬಿಟ್ಟಿದ್ದುದರಿಂದ ಮುಂದಿನ ಗಾಲಿಯ ಒಳಭಾಗವು ಹೊರಕ್ಕೆ ಕಾಣುತ್ತಿತ್ತು. ನಿಂತು ನೋಡುವವರಿಗೆ ಟೈರಿನ ಹೊರಮೈ ಕಾಣುವುದೇ ಹೊರತು ಒಳಂಚು ಎಂದಿಗೂ ಕಾಣದು. ನೆಲದ ಮೇಲೆ ಕುಳಿತಿದ್ದ ಆ ವೃದ್ಧೆಗೆ ಕಂಡಿತು. ಹೊರಗಡೆ ಆಳವಾದ ಗೀರುಗಳಿದ್ದ ಟೈರು ಒಳಂಚಿನಲ್ಲಿ ಎರಡು ಬೆರಳಗಲ ಬೋಳಾಗಿ, ಅಲ್ಲಲ್ಲಿ ಸೂಜಿಯಂತಹ ಸಣ್ಣ ತಂತಿಗಳು ಎದ್ದು ನಿಂತಿದ್ದುವು.

ಅವರು ಮಗನನ್ನು ಕರೆದು ತೋರಿಸಿದರು. ಅವನು ನೋಡಿ ಕ್ಷಣಕಾಲ ಸುಮ್ಮನಿದ್ದು, “ಹೊರಗಡೆ ಇನ್ನೂ ಚೆನ್ನಾಗಿದೆ, ಎರಡು ಗಂಟೆಯ ದಾರಿ, ನಿಧಾನವಾಗಿ ಹೋದರಾಯಿತು” ಎಂದನು. ತಾಯಿ ರಂಗವಲ್ಲಿಯ ಬಟ್ಟಲನ್ನು ಕೆಳಗಿಟ್ಟು, “ಚಪ್ಪಲಿಯ ಹಿಮ್ಮಡಿ ಒಂದೇ ಕಡೆ ಸವೆದರೆ ಚಪ್ಪಲಿಯನ್ನು ಬೈಯುವುದಿಲ್ಲ, ನಡಿಗೆಯನ್ನು ನೋಡುತ್ತಾರೆ. ಮಕ್ಕಳನ್ನು ಇದರಲ್ಲಿ ಕೂರಿಸುವುದು ಬೇಡ” ಎಂದಷ್ಟೇ ಹೇಳಿ ಒಳಗೆ ಹೋದರು. ಅಂದು ಐವರೂ ರೈಲಿನಲ್ಲಿ ಪ್ರಯಾಣ ಮಾಡಿದರು. ಮುಹೂರ್ತಕ್ಕೆ ತಲುಪುವುದು ಅರ್ಧ ಗಂಟೆ ತಡವಾಯಿತು. ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಆಕೆ ಅದನ್ನು ಕುರಿತು ಒಂದು ಮಾತನ್ನೂ ಆಡಲಿಲ್ಲ. ಆ ಮೌನವೇ ಮಗನ ಮನಸ್ಸನ್ನು ಚುಚ್ಚಿತು.

ಮೈಸೂರಿಗೆ ಹಿಂದಿರುಗಿದ ಮೇಲೆ ಅವನು ಬೇರೆ ಟೈರುಗಳನ್ನು ಹಾಕಿಸಿಕೊಂಡು, ನಿಧಾನವಾಗಿ ಕೆಲಸ ಮಾಡುವನೆಂದು ಹೆಸರಾದ ಒಬ್ಬ ವೃದ್ಧ ಮೇಸ್ತ್ರಿಯ ಬಳಿಗೆ ಕಾರನ್ನು ಕೊಂಡೊಯ್ದನು. ಮೇಸ್ತ್ರಿಯು ಮೊದಲು ಯಂತ್ರದ ಕಡೆಗೆ ಹೋಗಲಿಲ್ಲ. ಬಿಚ್ಚಿ ತಂದಿದ್ದ ಹಳೆಯ ಟೈರನ್ನು ಮುಂದಿಟ್ಟುಕೊಂಡು ಅದರ ಸವೆತವನ್ನು ಓದತೊಡಗಿದನು. ಟೈರಿನ ಎರಡು ಅಂಚುಗಳೂ ಸವೆದಿದ್ದರೆ ಗಾಳಿ ಕಡಿಮೆ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ಅಲ್ಲಲ್ಲಿ ಬಟ್ಟಲಿನಂತೆ ಗುಳಿಬಿದ್ದಿದ್ದರೆ ಕುಲುಕನ್ನು ತಡೆಯುವ ಶಾಕ್ ಅಬ್ಸಾರ್ಬರಿನ ದೋಷ, ಇಲ್ಲವೆ ಗಾಲಿಯ ತೂಕದ ಅಸಮತೆ. ಅಡ್ಡಲಾಗಿ ಸವರಿದರೆ ಒಂದು ಕಡೆಗೆ ನುಣುಪಾಗಿಯೂ ಮತ್ತೊಂದು ಕಡೆಗೆ ಗರಗಸದಂತೆ ಒರಟಾಗಿಯೂ ಇದ್ದರೆ ಗಾಲಿಯ ಮುಖ ತಿರುಗಿದೆ ಎಂದರ್ಥ. ಆದರೆ ತಂತಿ ಎದ್ದ ಟೈರನ್ನು ಬರಿಗೈಯಿಂದ ಸವರಬಾರದು ಎಂದು ಎಚ್ಚರಿಕೆಯನ್ನೂ ಹೇಳಿದನು. ನಾಡಿಯನ್ನು ಹಿಡಿದು ರೋಗವನ್ನು ಹೇಳುವ ವೈದ್ಯನ ರೀತಿಯಿದು.

ಬಳಿಕ ಅವನು ವಿವರಿಸಿದುದರ ಸಾರವಿದು. ಕಾರಿನ ಗಾಲಿಯನ್ನು ಮೂರು ಬಗೆಯ ಕೋನಗಳಿಂದ ನೋಡಬೇಕು. ಮೇಲಿನಿಂದ ನೋಡಿದಾಗ ಮುಂದಿನ ಗಾಲಿಗಳೆರಡೂ ನಡೆಯುವ ಮನುಷ್ಯನ ಪಾದಗಳಂತೆ ಒಳಕ್ಕೋ ಹೊರಕ್ಕೋ ತಿರುಗಿರಬಹುದು. ಇದಕ್ಕೆ ಟೋ ಎಂದು ಹೆಸರು. ಮುಂದಿನಿಂದ ನೋಡಿದಾಗ ಗಾಲಿಯ ತಲೆ ಕಾರಿನ ಕಡೆಗೋ ಹೊರಗಡೆಗೋ ವಾಲಿರಬಹುದು, ಇದು ಕ್ಯಾಂಬರ್. ಪಕ್ಕದಿಂದ ನೋಡಿದಾಗ ಗಾಲಿ ತಿರುಗುವ ಕೀಲಿನ ರೇಖೆಯು ಹಿಂದಕ್ಕೆ ವಾಲಿರುವುದು, ಇದು ಕ್ಯಾಸ್ಟರ್. ಕ್ಯಾಸ್ಟರಿನಿಂದ ಸ್ಟಿಯರಿಂಗಿಗೆ ಸ್ಥಿರತೆ ಬರುವುದು, ಟೈರು ಸವೆಯುವುದು ಅಪರೂಪ. ಟೈರನ್ನು ತಿನ್ನುವವು ಉಳಿದೆರಡು, ಅವುಗಳಲ್ಲಿಯೂ ಮುಖ್ಯವಾಗಿ ಟೋ.

ಯಂತ್ರವು ಅಳೆದು ಕೊಟ್ಟ ಕಾಗದದಲ್ಲಿ ಅಂಕೆಗಳು ಕೆಂಪಾಗಿ ಮೂಡಿದ್ದುವು. ಪಂಚಾಂಗಗಣಿತವನ್ನು ಬಲ್ಲ ಹಿರಿಯರು ಆ ಕಾಗದವನ್ನು ನೋಡಿದರೆ ಪರಿಚಿತರನ್ನು ಕಂಡಂತೆ ಸಂತೋಷಪಡುವರು. ಗ್ರಹಗಳ ಸ್ಥಾನವನ್ನು ಹೇಳುವ ಅಂಶ ಮತ್ತು ಕಲೆಗಳೇ ಅಲ್ಲಿಯೂ ಇರುವುವು. ಅರುವತ್ತು ಕಲೆಗೆ ಒಂದು ಅಂಶ. ಒಂದೊಂದು ಮುಂದಿನ ಗಾಲಿಯೂ 15 ಕಲೆಯಷ್ಟು ಹೊರಕ್ಕೆ ಮುಖಮಾಡಿತ್ತು. ಜೊತೆಗೆ ಎರಡರ ತಲೆಯೂ 2 ಅಂಶದಷ್ಟು ಒಳಕ್ಕೆ ವಾಲಿತ್ತು. ಕಾರನ್ನು ತಗ್ಗಿಸಿದಾಗ ಗಾಲಿಯನ್ನು ಹಿಡಿದಿರುವ ತೋಳುಗಳ ಇಳಿಜಾರು ಬದಲಾಗಿ ಈ ಎರಡೂ ಕೋನಗಳು ಕೆಟ್ಟಿದ್ದುವು.

ಹದಿನೈದು ಕಲೆಯೆಂದರೆ ಅಂಶದ ಕಾಲುಭಾಗ, ಅಷ್ಟರಿಂದೇನಾದೀತು ಎನ್ನಬಹುದು. ಲೆಕ್ಕ ಹಾಕಿ ನೋಡಿದರೆ ತಿಳಿಯುವುದು. 18 ಅಂಗುಲದ ಗಾಲಿಯ ವ್ಯಾಸ 457 ಮಿಲಿಮೀಟರು. 15 ಕಲೆ ತಿರುಗಿದರೆ ಅದರ ಮುಂದಣ ಅಂಚು ಹಿಂದಣ ಅಂಚಿಗಿಂತ 2 ಮಿಲಿಮೀಟರಿನಷ್ಟು ಹೊರಗಿರುವುದು. ಗಾಲಿ ಉರುಳಬಯಸುವ ದಾರಿ ಬೇರೆ, ಕಾರು ಅದನ್ನು ಒಯ್ಯುವ ದಾರಿ ಬೇರೆ. ಈ ಎರಡು ದಾರಿಗಳ ಅಂತರವು ಒಂದು ಕಿಲೋಮೀಟರಿಗೆ ನಾಲ್ಕು ಮೀಟರಿಗಿಂತ ಹೆಚ್ಚಾಗುವುದು. ಮೈಸೂರಿನಿಂದ ಬೆಂಗಳೂರಿಗೆ 140 ಕಿಲೋಮೀಟರೆಂದಿಟ್ಟುಕೊಂಡರೆ, ಒಂದು ಪ್ರಯಾಣದಲ್ಲಿ ಆ ರಬ್ಬರು ಸುಮಾರು 600 ಮೀಟರು ಅಡ್ಡಡ್ಡಲಾಗಿ ನೆಲಕ್ಕೆ ಉಜ್ಜಿದಂತಾಯಿತು. ತಲೆ ಒಳಕ್ಕೆ ವಾಲಿದ್ದುದರಿಂದ ಆ ಉಜ್ಜುವಿಕೆಯ ಭಾರವೆಲ್ಲ ಒಳಂಚಿನ ಮೇಲೆಯೇ ಬಿದ್ದಿತು. ಒಳಂಚಿನ ಗೀರುಗಳು ಅಳಿದ ಟೈರು ಮಳೆಯ ನೀರನ್ನು ಹೊರಚೆಲ್ಲಲಾರದು. ತಂತಿ ಎದ್ದ ಮೇಲಂತೂ ವೇಗದಲ್ಲಿ ಯಾವ ಗಳಿಗೆಯಲ್ಲಾದರೂ ಸಿಡಿಯಬಹುದು. ಕಾರಿನ ಟೈರಿನ ಗೀರು 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದೆಂಬ ಕಾನೂನು ಇರುವುದು ಇದಕ್ಕಾಗಿಯೇ.

“ಹಾಗಾದರೆ ಕಾರು ನೆಟ್ಟಗೆ ಓಡುತ್ತಿದ್ದುದು ಹೇಗೆ?” ಎಂದು ಮಗನು ಕೇಳಿದನು. ಮೇಸ್ತ್ರಿಯು ನಕ್ಕು, “ಎರಡು ಗಾಲಿಯೂ ಸಮವಾಗಿ ಜಗಳವಾಡುತ್ತಿದ್ದುವು, ಸ್ವಾಮಿ. ಎಡದ್ದು ಎಡಕ್ಕೆ ಎಳೆಯಿತು, ಬಲದ್ದು ಬಲಕ್ಕೆ ಎಳೆಯಿತು. ನಡುವೆ ಗಾಡಿ ನೆಟ್ಟಗೆ ಹೋಯಿತು. ಒಂದೇ ಗಾಲಿ ಕೆಟ್ಟಿದ್ದರೆ ನಿಮಗೆ ಅಂದೇ ತಿಳಿಯುತ್ತಿತ್ತು” ಎಂದನು.

ಈ ಮಾತು ಟೈರಿನ ವಿಷಯಕ್ಕೆ ಮಾತ್ರ ಸಲ್ಲತಕ್ಕುದಲ್ಲ. ಹೊರಗಿನಿಂದ ನೋಡುವವರಿಗೆ ನೆಟ್ಟಗೆ ಸಾಗುತ್ತಿರುವಂತೆ ತೋರುವ ಎಷ್ಟೋ ಸಂಸಾರಗಳಲ್ಲಿ ಇಬ್ಬರು ಎರಡು ಕಡೆಗೆ ಸಮಬಲದಿಂದ ಎಳೆಯುತ್ತ, ನೋಟಕ್ಕೆ ಬೀಳದ ಅಂಚಿನಲ್ಲಿ ಸವೆಯುತ್ತಿರುವುದುಂಟು. ನೆಟ್ಟಗೆ ಓಡುತ್ತಿದೆಯೆಂಬುದೊಂದೇ ಎಲ್ಲವೂ ನೆಟ್ಟಗಿದೆಯೆಂಬುದಕ್ಕೆ ಪ್ರಮಾಣವಾಗಲಾರದು.

ರಥೋತ್ಸವದಲ್ಲಿ ನಂಜನಗೂಡಿನ ದೊಡ್ಡ ತೇರನ್ನು ಕಂಡವರು, ಚಕ್ರಗಳ ಬಳಿಯಲ್ಲಿಯೇ ಜಾಗರೂಕರಾಗಿ ನಡೆಯುವ ಕೆಲಸಗಾರರನ್ನೂ ಕಂಡಿರುವರು. ತೇರಿಗೆ ಸ್ಟಿಯರಿಂಗಿಲ್ಲ, ಚಕ್ರದ ಮುಂದೆ ಮರದ ತುಂಡನ್ನು ಕೊಟ್ಟು ಅದರ ದಿಕ್ಕನ್ನು ತಿದ್ದುವರು. ಸಾವಿರಾರು ಜನರ ಕಣ್ಣು ಮೇಲೆ ದೇವರ ಕಡೆಗಿದ್ದರೆ ಇವರ ಕಣ್ಣು ಮಾತ್ರ ಕೆಳಗೆ ಗಾಲಿಯ ಕಡೆಗಿರುವುದು. ಇದರಿಂದಲೇ ತೇರು ಬೀದಿ ಬಿಡದೆ ಸಾಗುವುದು. ಕುದುರೆಗಾಡಿಯ ಮುಂದಿನ ಗಾಲಿಗಳೆರಡೂ ತಿರುವಿನಲ್ಲಿ ಬೇರೆ ಬೇರೆ ಕೋನಗಳಿಗೆ ತಿರುಗಬೇಕೆಂಬುದನ್ನು ಕಂಡುಕೊಂಡು ಮ್ಯೂನಿಕ್ಕಿನ ಲಾಂಕೆನ್‌ಸ್ಪರ್ಗರನೆಂಬ ಗಾಡಿಯ ಶಿಲ್ಪಿಯು ಉಪಾಯವನ್ನು ರಚಿಸಿದ್ದು 1817ರಲ್ಲಿ. ಅದಕ್ಕೆ ಇಂಗ್ಲೆಂಡಿನಲ್ಲಿ ಹಕ್ಕು ಪಡೆದ ಆಕರ್‌ಮನ್ನನ ಹೆಸರೇ ಲೋಕದಲ್ಲಿ ಉಳಿಯಿತು. ಎರಡು ಶತಮಾನಗಳು ಕಳೆದರೂ ಕಾರಿನ ಮುಂಗಾಲಿಗಳು ಆ ತತ್ತ್ವಕ್ಕೆ ಋಣಿಯಾಗಿವೆ. ಯಂತ್ರವೆಷ್ಟು ಮುಂದುವರಿದರೂ ಬಾಗಿ ಗಾಲಿಯನ್ನು ನೋಡುವವರ ಅಗತ್ಯ ತಪ್ಪಲಿಲ್ಲ.

ಮೇಸ್ತ್ರಿಯು ಗಿಡ್ಡ ಸ್ಪ್ರಿಂಗುಗಳನ್ನು ತೆಗೆದು ಮೊದಲಿನವನ್ನೇ ಹಾಕಿದನು. ಆ ಕಾರಿನಲ್ಲಿ ಕ್ಯಾಂಬರನ್ನು ಬೇರೆಯಾಗಿ ತಿದ್ದುವ ಅನುಕೂಲವಿರಲಿಲ್ಲ. ಎತ್ತರ ಸರಿಹೋದೊಡನೆ ಅದು ತಾನಾಗಿಯೇ ಮಿತಿಯೊಳಕ್ಕೆ ಬಂದಿತು. ಕೀಲುಗಳಲ್ಲಿಯೂ ಬುಷ್‌ಗಳಲ್ಲಿಯೂ ಸಡಿಲವಿಲ್ಲವೆಂದು ನೋಡಿ, ನಾಲ್ಕು ಟೈರುಗಳ ಗಾಳಿಯನ್ನು ಸಮಮಾಡಿ, ಮೊದಲು ಹಿಂದಿನ ಗಾಲಿಗಳನ್ನು ಅಳೆದು, ಸ್ಟಿಯರಿಂಗನ್ನು ನೆಟ್ಟಗೆ ನಿಲ್ಲಿಸಿ, ಕಡೆಗೆ ಮುಂದಿನ ಗಾಲಿಗಳ ಟೋ ತಿದ್ದಿದನು. ಈ ಕ್ರಮದಲ್ಲಿ ಒಂದನ್ನು ಬಿಟ್ಟರೂ ಮಾಡಿದ ಕೆಲಸ ನಿಲ್ಲದೆಂದು ಅವನ ಸಿದ್ಧಾಂತ. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ, ಹೊಸ ಟೈರು ಹಾಕಿದಾಗ, ಗಾಲಿ ದೊಡ್ಡ ಗುಂಡಿಗೆ ಬಿದ್ದಾಗ ತಪ್ಪದೆ ಅಳೆಯಿಸಬೇಕೆಂದು ಹೇಳಿ ಹಸುರು ಅಂಕೆಗಳ ಕಾಗದವನ್ನು ಕೈಗಿತ್ತನು.

ಅಂದು ಸಂಜೆ ಮಗನು ಆ ಕಾಗದವನ್ನು ತಾಯಿಯ ಮುಂದಿಟ್ಟು ಸ್ಪ್ರಿಂಗಿನ ವೃತ್ತಾಂತವನ್ನೆಲ್ಲ ಹೇಳಿದನು. ತಾಯಿ ಕಾಗದವನ್ನು ಓದಲಿಲ್ಲ. “ಮಂಡಿ ನೋವು ನನ್ನ ವಯಸ್ಸಿನದೆಂದೇ ತಿಳಿದಿದ್ದೆ” ಎಂದಷ್ಟೇ ಹೇಳಿ ಕಾಫಿ ತರಲು ಒಳಗೆ ಹೋದರು.

ಈಗ ಅವನು ಪ್ರತಿ ತಿಂಗಳೂ ಮೊದಲನೆಯ ಭಾನುವಾರ ಬೆಳಗ್ಗೆ ಸ್ಟಿಯರಿಂಗನ್ನು ಒಂದು ಪಕ್ಕಕ್ಕೆ ತಿರುಗಿಸಿ, ದೀಪ ಹಿಡಿದು, ನೆಲದ ಮೇಲೆ ಕುಳಿತು ಗಾಲಿಯ ಒಳಂಚನ್ನು ನೋಡುವನು. ರಂಗವಲ್ಲಿಯಿಡುತ್ತಿರುವ ತಾಯಿ ಅವನಿಗೆ ಜಾಗಮಾಡಿಕೊಟ್ಟು ತುಸು ಸರಿದು ಕುಳಿತುಕೊಳ್ಳುವರು.