ಮಳವಳ್ಳಿಯ ಯುದ್ಧ, ನಮ್ಮ ನಾಲೆ

ಮದ್ದೂರು

ಪ್ರೀತಿಯ ತಮ್ಮನಿಗೆ,

ನಿನ್ನ ಕಾಗದ ತಲುಪಿತು. ಯುದ್ಧ ಯಾಕಾಗುತ್ತದೆ ಅನ್ನುವುದಕ್ಕೆ ಒಂದೊಂದು ಪುಸ್ತಕ ಒಂದೊಂದು ಕಾರಣ ಹೇಳುತ್ತದೆ, ಯಾವುದನ್ನು ನಂಬಲಿ ಅಕ್ಕಾ ಅಂತ ಕೇಳಿದ್ದೀಯ. ದೂರದ ಸ್ಪಾರ್ಟಾ, ಅಥೆನ್ಸ್‌ಗಳ ಯುದ್ಧ ಹಾಗಿರಲಿ, ಪಕ್ಕದ ಮಳವಳ್ಳಿಯನ್ನೇ ನೋಡು. 1799ರ ಮಾರ್ಚ್ 27ರಂದು ಈಸ್ಟ್ ಇಂಡಿಯಾ ಕಂಪನಿಯ ಜನರಲ್ ಹ್ಯಾರಿಸ್ ತಂದ ದಂಡನ್ನು ಟಿಪ್ಪು ಅಲ್ಲಿ ತಡೆಯಲು ಹೋಗಿ ಸೋತ. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು.

ಗಡಿಗೆ ಹತ್ತಿಕೊಂಡ ರಾಜನೇ ಶತ್ರು, ಅವನಾಚೆಯವನು ಮಿತ್ರ ಅನ್ನುತ್ತಾನೆ ಕೌಟಿಲ್ಯ. ಹೈದರಾಬಾದಿನ ನಿಜಾಮ ಕಂಪನಿಯ ಜೊತೆ ನಿಂತದ್ದಕ್ಕೆ ಅಷ್ಟು ಸಾಕು. ಆದರೆ ಯುದ್ಧದ ಬೀಜ ನನಗೆ ಕಾಣುವುದು 1792ರ ಒಪ್ಪಂದದಲ್ಲಿ. ಅದರಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು, ಎಳೆಯ ಮಕ್ಕಳಿಬ್ಬರು ಒತ್ತೆಯಾಗಿ ಹೋದರು. ಮಕ್ಕಳನ್ನು ಹಾಗೆ ಕಳಿಸಿಕೊಟ್ಟ ಅಪ್ಪ ಆ ಶಾಂತಿಯನ್ನು ಹೇಗೆ ನಂಬಿಯಾನು ಹೇಳು! ಮಾರಿಷಸ್ಸಿನ ಫ್ರೆಂಚರ ನೆರವು ಕೇಳಿದ. 1798ರಲ್ಲಿ ನೆಪೋಲಿಯನ್ ಈಜಿಪ್ಟಿನಲ್ಲಿ ಇಳಿದ. ಇವರಿಬ್ಬರು ಕೈಜೋಡಿಸುವ ಮೊದಲೇ ಮುಗಿಸಬೇಕೆಂದು ಕಂಪನಿಯ ಗವರ್ನರ್ ಜನರಲ್ ವೆಲ್ಲೆಸ್ಲಿ ಹೊರಟ. ಕಂಪನಿಗೆ ನೆಲದಾಸೆ ಇರಲಿಲ್ಲ ಅಂತಲ್ಲ. ಅದಿತ್ತು, ಜೊತೆಗೆ ಈ ಭಯವೂ ಇತ್ತು. ಕಾದಾಡಿದರೆ ಇಬ್ಬರಿಗೂ ನಷ್ಟವೆಂದು ಗೊತ್ತಿದ್ದರೂ, ಇವತ್ತು ಕೊಟ್ಟ ಮಾತನ್ನು ನಾಳೆ ಬಲ ಬಂದಾಗ ಮುರಿಯುತ್ತಾನೆ ಅನ್ನಿಸಿದರೆ ರಾಜಿ ನಿಲ್ಲುವುದಿಲ್ಲ ಎಂದು ರಾಜಕೀಯ ವಿಜ್ಞಾನಿ ಜೇಮ್ಸ್ ಫಿಯರಾನ್ 1995ರಲ್ಲಿ ಬರೆದದ್ದು ಇಂಥ ಭಯದ ಬಗ್ಗೆಯೇ.

ನಮ್ಮ ನಾಲೆಯ ಮೇಲೆ ನೀನೇ ನೋಡಿದ್ದೀಯಲ್ಲ. ಕಟ್ಟು ನೀರಿನ ಸರದಿ ಬಂದಾಗ ಕೊನೆ ಭಾಗದವರು ರಾತ್ರಿಯೆಲ್ಲ ಬ್ಯಾಟರಿ ಹಿಡಿದು ತೂಬು ಕಾಯುತ್ತಾರೆ. ನೀರು ಕಡಿಮೆಯಾಯಿತೆಂದು ಯಾರೂ ಗುದ್ದಲಿ ಎತ್ತುವುದಿಲ್ಲ. ನಾವು ಮಲಗಿದ ಮೇಲೆ ಮೇಲಿನ ಗದ್ದೆಯವನು ತಿರುಗಿಸಿಕೊಳ್ಳುತ್ತಾನೆ ಅನ್ನುವ ಗುಮಾನಿಗೆ ಎತ್ತುತ್ತಾರೆ. ನೀರುಗಂಟಿಯ ಮಾತಿಗೆ ಇಬ್ಬರೂ ಬೆಲೆ ಕೊಡುವ ಕಡೆ ಜಗಳ ಅಲ್ಲಿಗೇ ತಣ್ಣಗಾಗುತ್ತದೆ. ದೇಶದೊಳಗಿನ ಯುದ್ಧಗಳಲ್ಲೂ, ಬಂದೂಕು ಕೆಳಗಿಟ್ಟವರಿಗೆ ಹೊರಗಿನವರೊಬ್ಬರು ಜಾಮೀನು ನಿಂತರೆ ಒಪ್ಪಂದ ಬಾಳುತ್ತದೆ ಎಂದು ಇನ್ನೊಬ್ಬ ರಾಜಕೀಯ ವಿಜ್ಞಾನಿ ಬಾರ್ಬರಾ ವಾಲ್ಟರ್ ತೋರಿಸಿದ್ದಾರೆ.

ಹಾಗಾದರೆ ರಾಜ್ಯಗಳ ನಡುವಿನ ಕಾವೇರಿಗಾಗಿ ರಕ್ತ ಹರಿದಿಲ್ಲವೇ? ಹರಿದಿದೆ. 1991ರಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ತೀರ್ಪು ಗೆಜೆಟ್ಟಿನಲ್ಲಿ ಬಂದ ಬೆನ್ನಿಗೇ ಬೆಂಗಳೂರಿನಲ್ಲಿ ತಮಿಳರ ಮೇಲೆ ನಡೆದ ಹಲ್ಲೆಗಳನ್ನು ನೆನೆದರೆ ಈಗಲೂ ತಲೆ ತಗ್ಗುತ್ತದೆ. 2016ರಲ್ಲಿ ಬಸ್ಸುಗಳಿಗೆ ಬೆಂಕಿ ಇಟ್ಟರು. ಆದರೂ ತೀರ್ಮಾನ ಬೀದಿಯಲ್ಲಿ ಆಗಲಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟು ನಮಗೆ 284.75, ತಮಿಳುನಾಡಿಗೆ 404.25 ಟಿಎಂಸಿ ಅಂದಿತು. ನಾವು ಹೆದ್ದಾರಿಯಲ್ಲಿ ಕೂತು ಕೂಗಿದೆವು, ಮತ್ತೆ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದ ಮುಂದೆ ಲೆಕ್ಕ ಹಿಡಿದು ಹೋದೆವು.

1792ರ ಒಪ್ಪಂದಕ್ಕೆ ಈ ಕೋರ್ಟು, ಪ್ರಾಧಿಕಾರಗಳ ಹಾಗೆ ಜಾಮೀನು ಯಾರು ನಿಲ್ಲಬಹುದಿತ್ತು? ಮರಾಠರು, ನಿಜಾಮ ಇಬ್ಬರೂ ಟಿಪ್ಪುವಿನ ನೆಲದಲ್ಲಿ ಪಾಲು ತೆಗೆದುಕೊಂಡವರೇ. ಇದಕ್ಕೆ ನಿಮ್ಮ ಮೇಷ್ಟ್ರು ಏನನ್ನುತ್ತಾರೆ, ಕೇಳಿ ಬರೆ.

ನಿನ್ನ ಅಕ್ಕ