ಹುಸಿ ಆಯುಧದ ತೂಕ

ವೈಜ್ಞಾನಿಕ ಕಲ್ಪನೆಯ ಸಾಹಸ ಚಿತ್ರಗಳಲ್ಲಿ ನಾಯಕನ ಕೈಗೆ ಬರುವ ಬಂದೂಕು ಇನ್ನೂ ಹುಟ್ಟದ ಕಾಲದ ಆಯುಧವೆಂದು ನೋಡುಗರು ನಂಬಬೇಕು. ಅದನ್ನು ಮಾಡುವವರಿಗೆ ಸಿಗುವುದಾದರೋ ಈ ಕಾಲದ ಕಬ್ಬಿಣ, ಮರ, ರಬ್ಬರು ಮತ್ತು ಪ್ಲಾಸ್ಟಿಕ್ಕು. ಕಾಣದ ಆಯುಧವನ್ನು ಕಂಡ ಸಾಮಗ್ರಿಗಳಿಂದ ಕಟ್ಟುವ ಈ ಕುಶಲತೆ ಸಿನಿಮಾ ಬರುವುದಕ್ಕೆ ಬಹಳ ಮೊದಲೇ ಬೇರೂರಿತ್ತು. ಬ್ರಹ್ಮಾಸ್ತ್ರವನ್ನಾಗಲಿ ಸುದರ್ಶನ ಚಕ್ರವನ್ನಾಗಲಿ ಕಣ್ಣಾರೆ ಕಂಡವರಿಲ್ಲ. ಆದರೂ ಅವು ಹೇಗಿರುತ್ತವೆಂದು ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಸುತ್ತಿನ ಊರುಗಳಲ್ಲಿ ಮಕ್ಕಳೂ ಹೇಳಬಲ್ಲರು, ಏಕೆಂದರೆ ಮೂಡಲಪಾಯ ಯಕ್ಷಗಾನದ ಅಟ್ಟ, ಗುಬ್ಬಿ ಕಂಪನಿಯ ರಂಗಮಂಚ, ಜಾತ್ರೆಯ ಇರುಳಿನ ಪೌರಾಣಿಕ ನಾಟಕ, ಈ ಮೂರೂ ಸೇರಿ ಅವುಗಳಿಗೆ ಆಕಾರವನ್ನೂ ಬಣ್ಣವನ್ನೂ ಸದ್ದನ್ನೂ ಕೊಟ್ಟಿವೆ. ಹೊಡೆಯಲಾರದ ಆಯುಧವೊಂದು ನೋಡುಗರ ಎದೆಯನ್ನು ನಡುಗಿಸುವುದು ಹೇಗೆಂಬ ಪ್ರಶ್ನೆಯ ಬೆನ್ನುಹತ್ತಿದ ರಸಿಕನಿಗೆ, ಹಾಲಿವುಡ್ಡಿನ ಬಂದೂಕೂ ಕುಣಿಗಲ್ ಸೀಮೆಯ ಭೀಮನ ಗದೆಯೂ ಒಂದೇ ವಂಶದವೆಂಬುದು ಬೇಗನೆ ಗೊತ್ತಾಗುತ್ತದೆ.

1977ರಲ್ಲಿ ತೆರೆಕಂಡ ‘ಸ್ಟಾರ್ ವಾರ್ಸ್’ ಚಿತ್ರದ ಬಿಳಿ ಕವಚದ ಸೈನಿಕರು ಹಿಡಿದಿರುವ ಆಯುಧವನ್ನು ಬ್ಲಾಸ್ಟರ್ ಎನ್ನುತ್ತಾರೆ. ಗುಂಡಿನ ಬದಲು ಉರಿಯುವ ಬೆಳಕಿನ ತುಣುಕುಗಳನ್ನು ಉಗುಳುವ ಕಲ್ಪಿತ ಬಂದೂಕು ಅದು. ಅದರ ಒಳಗಿರುವುದು ಮಾತ್ರ ಬ್ರಿಟಿಷ್ ಸೇನೆ 1953ರಲ್ಲಿ ಸ್ವೀಕರಿಸಿದ ಸ್ಟರ್ಲಿಂಗ್ ಎಂಬ ಅಸಲಿ ಬಂದೂಕು. ಚಿತ್ರಗಳಿಗೆ ಆಯುಧಗಳನ್ನು ಬಾಡಿಗೆಗೆ ಕೊಡುತ್ತಿದ್ದ ಲಂಡನ್ನಿನ ಬ್ಯಾಪ್ಟಿ ಸಂಸ್ಥೆಯಿಂದ ಅದನ್ನು ತಂದ ಚಿತ್ರದ ಸೆಟ್ ಸಜ್ಜುಗಾರ ರೋಜರ್ ಕ್ರಿಶ್ಚಿಯನ್ ಮತ್ತು ಸಂಗಡಿಗರು, ರಂಧ್ರಗಳುಳ್ಳ ಅದರ ನಳಿಕೆಯ ಸುತ್ತ ಪ್ಲಾಸ್ಟಿಕ್ ಪಟ್ಟಿಗಳನ್ನು ಅಂಟಿಸಿ, ಮೇಲೆ ಹಳೆಯ ಟ್ಯಾಂಕಿನ ದೂರದರ್ಶಕವನ್ನು ಕೂರಿಸಿ, ಎಡಮಗ್ಗುಲಿಗೆ ಚಾಚುವ ಉದ್ದನೆಯ ಮ್ಯಾಗಜೀನನ್ನು, ಅಂದರೆ ಗುಂಡು ತುಂಬುವ ಡಬ್ಬಿಯನ್ನು, ತೆಗೆದು ಮೊಟಕಾದುದನ್ನು ಸಿಕ್ಕಿಸಿದರು. ಈ ಸಂಗತಿಯಲ್ಲಿ ಭಾರತದ ನೋಡುಗನಿಗೆ ವಿಶೇಷ ಸೊಗಸೊಂದಿದೆ. ಇದೇ ಸ್ಟರ್ಲಿಂಗನ್ನು ಕಾನ್ಪುರದ ಸಣ್ಣ ಆಯುಧಗಳ ಕಾರ್ಖಾನೆಯಲ್ಲಿ 9 ಮಿ.ಮೀ. ಕಾರ್ಬೈನ್ ಎಂಬ ಹೆಸರಿನಲ್ಲಿ ತಯಾರಿಸಲಾಯಿತು. ದಶಕಗಳ ಕಾಲ ಇಲ್ಲಿನ ಸೈನಿಕರ ಮತ್ತು ಪೊಲೀಸರ ಹೆಗಲಿನಲ್ಲಿ ಅದು ತೂಗಾಡಿತು. ದೂರದ ನಕ್ಷತ್ರಮಂಡಲದ ಸೈನ್ಯ ಹಿಡಿದದ್ದು ಇಲ್ಲಿನ ಬಂದೋಬಸ್ತಿನ ಪೇದೆ ಹಿಡಿದ ಆಯುಧವನ್ನೇ ಎಂದು ತಿಳಿದ ಮೇಲೆ, ಆ ಚಿತ್ರವನ್ನು ಮತ್ತೊಮ್ಮೆ ನೋಡುವ ಸುಖವೇ ಬೇರೆ.

ಹೊಸದನ್ನು ಪೂರ್ತಿಯಾಗಿ ಹೊಸದಾಗಿ ಮಾಡದೆ ಹಳೆಯದರ ಮೇಲೆ ಕಟ್ಟಿದ್ದಕ್ಕೆ ಹಣದ ಅಭಾವವೊಂದೇ ಕಾರಣವಲ್ಲ. ನಿಜವಾದ ಬಂದೂಕಿಗೆ ತನ್ನದೇ ತೂಕವಿದೆ, ಹಿಡಿಯುವ ಕೈ ತಾನಾಗಿ ಸರಿಯಾದ ಜಾಗಕ್ಕೆ ಹೋಗುತ್ತದೆ, ಕುದುರೆ ಎಳೆದಾಗ ಅದು ಹಿಂದಕ್ಕೆ ಒದೆಯುತ್ತದೆ. 1986ರ ‘ಏಲಿಯನ್ಸ್’ ಚಿತ್ರದ ಪಲ್ಸ್ ರೈಫಲ್ಲಿನ ಒಡಲಲ್ಲಿ ಅಮೆರಿಕದ ಹಳೆಯ ಥಾಂಪ್ಸನ್ ಬಂದೂಕಿದೆ, ಅದರ ಕೆಳಗೆ ಇನ್ನೊಂದು ಕೋವಿಯನ್ನು ಜೋಡಿಸಿದೆ, ಪಕ್ಕದಲ್ಲಿ ಉಳಿದ ಗುಂಡುಗಳ ಲೆಕ್ಕ ತೋರುವ ಕೆಂಪು ಅಂಕಿಗಳು ಬೆಳಗುತ್ತವೆ. ಆ ಅಂಕಿಗಳೇ ಭವಿಷ್ಯ. ಒಡಲಿನ ಬಂದೂಕು ಎರಡನೆಯ ಮಹಾಯುದ್ಧದ ಕಬ್ಬಿಣ. ನೋಡುಗನ ಕಣ್ಣು ಪರಿಚಿತವಾದುದನ್ನು ಮೊದಲು ಹಿಡಿಯುತ್ತದೆ, ಆ ಹಿಡಿತದ ಬಲದ ಮೇಲೆಯೇ ಅಪರಿಚಿತವನ್ನು ಒಪ್ಪಿಕೊಳ್ಳುತ್ತದೆ. ಎಲ್ಲವೂ ಅಪರಿಚಿತವಾಗಿರುವ ಆಯುಧ, ಎಷ್ಟೇ ಚೆಲುವಾಗಿದ್ದರೂ, ಆಟಿಕೆಯಾಗಿ ಬಿಡುತ್ತದೆ.

ಇದೇ ನಿಯಮವನ್ನು ತುಮಕೂರಿನ ಮಗ್ಗುಲಲ್ಲಿಯೇ ಪರೀಕ್ಷಿಸಬಹುದು. ನಗರಕ್ಕೆ ಹತ್ತಿರದ ಕೈದಾಳದಲ್ಲಿ, ಜನಪದರು ಶಿಲ್ಪಿ ಜಕಣಾಚಾರಿಯ ಹೆಸರಿನೊಡನೆ ನೆನೆಯುವ 12ನೆಯ ಶತಮಾನದ ಚೆನ್ನಕೇಶವ ದೇವಾಲಯವಿದೆ. ಅಲ್ಲಿನ ಕೇಶವನ ಕೈಗಳಲ್ಲಿ ಶಂಖ, ಚಕ್ರ, ಗದೆ, ಪದ್ಮಗಳಿವೆ. ಹೊಯ್ಸಳ ಶಿಲ್ಪದ ಗದೆ ಸಾಮಾನ್ಯವಾಗಿ ಸಪೂರವಾದದ್ದು, ಬಳೆ ಬಳೆಯಾಗಿ ಕಡೆದ ದಂಡದಂಥದು, ಗರ್ಭಗುಡಿಯ ದೀಪದಲ್ಲಿ ಹತ್ತಿರದಿಂದ ಕಾಣಲೆಂದು ಮಾಡಿದ್ದು. ನಾಟಕದ ಗದೆಗೆ ದುಂಡನೆಯ ದೊಡ್ಡ ತಲೆ ಬಂದಿದೆ, ಏಕೆಂದರೆ ಬಯಲಿನ ಕೊನೆಯಲ್ಲಿ ಚಾಪೆ ಹಾಸಿ ಕುಳಿತವನಿಗೂ ಅದು ಗದೆಯೆಂದು ತಿಳಿಯಬೇಕು. ಹಾಗಿದ್ದರೂ ದೇವರ ಕೈಯಲ್ಲಿ ಕಂಡ ವಸ್ತುವೇ ಇದು ಎಂಬ ಗುರುತು ನೋಡುಗನ ಮನಸ್ಸಿನಲ್ಲಿ ಮೊದಲೇ ಇರುವುದರಿಂದ, ಹಿಗ್ಗಿಸಿದ ಆಕಾರವನ್ನು ಅವನು ಪ್ರಶ್ನಿಸುವುದಿಲ್ಲ. ಸ್ಟರ್ಲಿಂಗಿಗೆ ಅಂಟಿಸಿದ ಪ್ಲಾಸ್ಟಿಕ್ ಪಟ್ಟಿಯೂ ಗದೆಯ ತಲೆಗೆ ಸುತ್ತಿದ ಹೊಳೆಯುವ ಬೇಗಡೆಯೂ ಮಾಡುವ ಕೆಲಸ ಒಂದೇ.

ಈ ಸೀಮೆಗೆ ದೊಡ್ಡ ಪ್ರಮಾಣದ ರಂಗವೈಭವದ ರುಚಿ ಹತ್ತಿಸಿದ್ದು 1884ರಲ್ಲಿ ಗುಬ್ಬಿಯಲ್ಲಿ ಆರಂಭವಾದ ಶ್ರೀ ಚನ್ನಬಸವೇಶ್ವರ ನಾಟಕ ಸಂಘ, ಅಂದರೆ ಗುಬ್ಬಿ ಕಂಪನಿ. ಬಾಲಕನಾಗಿಯೇ ಅದನ್ನು ಸೇರಿದ ಗುಬ್ಬಿ ವೀರಣ್ಣನವರು (1891–1972) ಮುಂದೆ ಅದರ ಒಡೆಯರಾಗಿ ಟ್ರಿಕ್ ಸೀನುಗಳಿಗೆ, ಅಂದರೆ ಯಂತ್ರ, ತಂತಿ, ಬೆಳಕುಗಳ ಕೈಚಳಕದಿಂದ ಪವಾಡವನ್ನು ಕಾಣಿಸುವ ದೃಶ್ಯಗಳಿಗೆ, ನಾಡಿನಲ್ಲೇ ಹೆಸರಾದರು. 1934ರ ‘ಕುರುಕ್ಷೇತ್ರ’ ನಾಟಕದಲ್ಲಿ ಅವರು ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಆ ಸಾಹಸದ ಕಥೆಯನ್ನು ಹೇಳುವವರೆಲ್ಲ ಆನೆಯ ಬಳಿಯೇ ನಿಂತುಬಿಡುತ್ತಾರೆ. ಆಯುಧಗಳ ಕಡೆಗೆ ಗಮನವುಳ್ಳವನಿಗೆ ಅಲ್ಲಿ ಬೇರೊಂದು ತೊಡಕು ಕಾಣುತ್ತದೆ: ಜೀವಂತ ಆನೆಯ ಪಕ್ಕದಲ್ಲಿ ನಿಂತ ಯೋಧನ ಕೈಯ ಹುಸಿ ಕತ್ತಿ ಹಗುರವಾಗಿ ಕಂಡರೆ ಇಡೀ ಕುರುಕ್ಷೇತ್ರವೇ ಹಗುರವಾಗುತ್ತದೆ. ನಿಜವೊಂದು ರಂಗಕ್ಕೆ ಬಂದ ಕೂಡಲೇ ಅದರ ಸುತ್ತಲಿನ ಹುಸಿಯೆಲ್ಲ ಇನ್ನಷ್ಟು ಚೆನ್ನಾಗಿ ನಟಿಸಬೇಕಾಗುತ್ತದೆ, ಮತ್ತು ಆ ಹೊರೆ ಆಯುಧ ಮಾಡಿದವನಿಂದ ಅದನ್ನು ಹಿಡಿದವನಿಗೆ ವರ್ಗವಾಗುತ್ತದೆ.

ಆ ಹೊರೆಯನ್ನು ಹೊರುವ ಬಗೆಯನ್ನು ಇಂದಿಗೂ ಕಲಿಯಬಹುದಾದ ಜಾಗ ಹಳ್ಳಿಯ ಪೌರಾಣಿಕ ನಾಟಕ. ತುಮಕೂರು ಜಿಲ್ಲೆಯ ಊರುಗಳಲ್ಲಿ ಜಾತ್ರೆ ಹಬ್ಬಗಳಿಗೆ ‘ಕುರುಕ್ಷೇತ್ರ’ವನ್ನೋ ‘ದಾನಶೂರ ಕರ್ಣ’ನನ್ನೋ ಆಡುವವರು ರೈತರು, ಮೇಷ್ಟರುಗಳು, ಅಂಗಡಿಯವರು, ಬಸ್ಸಿನ ನೌಕರರು; ಹಾರ್ಮೋನಿಯಂ ನುಡಿಸುತ್ತ ಮಾತು ಹಾಡುಗಳನ್ನು ಕಲಿಸುವ ಡ್ರಾಮಾ ಮಾಸ್ಟರು ತಿಂಗಳುಗಟ್ಟಲೆ ಅವರನ್ನು ತಿದ್ದುತ್ತಾರೆ, ಪರದೆ, ಉಡುಪು, ಕಿರೀಟ, ಆಯುಧಗಳು ಡ್ರಾಮಾ ಸೀನರಿಯವರಿಂದ ಬಾಡಿಗೆಗೆ ಬರುತ್ತವೆ. ಪಾತ್ರಕ್ಕೆ ಇಂತಿಷ್ಟೆಂದು ಆಡುವವರೇ ಹಣ ಕಟ್ಟುವ ರೂಢಿಯಿರುವುದರಿಂದ, ಭೀಮನ ಪಾತ್ರ ವಹಿಸಿದವನಿಗೆ ಅಂದಿನ ರಾತ್ರಿ ಗದೆಯ ಮೇಲೆ ನಿಜವಾದ ಹಕ್ಕೇ ಇರುತ್ತದೆ, ಮತ್ತು ಅದರ ಮೇಲಿನ ಅವನ ಮಮತೆಯಲ್ಲಿ ಬಾಡಿಗೆಯ ವಸ್ತುವೆಂಬ ಉದಾಸೀನ ಸ್ವಲ್ಪವೂ ಇರುವುದಿಲ್ಲ.

ಗದೆಯೊಳಗೆ ಏನೂ ಇಲ್ಲ. ತಗಡಿನ ಅಥವಾ ಫೈಬರಿನ ಟೊಳ್ಳು ಗುಂಡು, ಅದಕ್ಕೊಂದು ಹಿಡಿ, ಮೇಲೆ ಚಿನ್ನದ ಬಣ್ಣ. ಬಲ್ಲ ನಟ ಅದನ್ನು ಎತ್ತುವ ಮುನ್ನ ಕಾಲುಗಳನ್ನು ಅಗಲಿಸಿ ನೆಲ ಕಚ್ಚುತ್ತಾನೆ. ಎತ್ತುವಾಗ ತೋಳಿಗಿಂತ ಮೊದಲು ಸೊಂಟ ಏಳುತ್ತದೆ, ಗದೆ ಹೆಗಲೇರಿದ ಮೇಲೆ ಆ ಹೆಗಲು ಒಂದಿಷ್ಟು ತಗ್ಗುತ್ತದೆ, ಬೀಸಿದ ಮೇಲೆ ಗದೆ ತನ್ನನ್ನೇ ಎಳೆದೊಯ್ದಂತೆ ಮೈ ಅರೆ ಹೆಜ್ಜೆ ಮುಂದಕ್ಕೆ ಹೋಗುತ್ತದೆ. ಎಲ್ಲಕ್ಕಿಂತ ಕಷ್ಟವಾದದ್ದು ಅದನ್ನು ಕೆಳಗಿಡುವುದು, ಏಕೆಂದರೆ ಹಲಗೆಯ ರಂಗಕ್ಕೆ ಟೊಳ್ಳು ತಗಡು ತಗುಲಿದರೆ ಖಾಲಿ ಡಬ್ಬದ ಸದ್ದು ಹೊರಟು ಭೀಮನ ಬಲವೆಲ್ಲ ಆ ಒಂದು ಕ್ಷಣದಲ್ಲಿ ಬಯಲಾಗುತ್ತದೆ. ಆದ್ದರಿಂದ ಅನುಭವಿ ನಟ ಗದೆಯ ತಲೆಯನ್ನು ನೆಲದಿಂದ ಕೂದಲೆಳೆಯಷ್ಟು ಮೇಲೆ ಹಿಡಿದು ಅದರ ಮೇಲೆ ಒರಗಿದವನಂತೆ ನಿಲ್ಲುತ್ತಾನೆ. ಹಾಗೆ ನಿಂತು ದೀರ್ಘವಾದ ಕಂದಪದ್ಯವನ್ನು ಹಾಡುವುದು ಭಾರವಾದ ಗದೆಯನ್ನು ಎತ್ತುವುದಕ್ಕಿಂತ ಹೆಚ್ಚಿನ ಶಕ್ತಿಯನ್ನು ಬೇಡುವ ಕೆಲಸ. ಇಷ್ಟಾದರೂ ಅರ್ಧ ಕೆಲಸ ಎದುರಾಳಿಯದು. ಏಟು ತಿಂದ ದುರ್ಯೋಧನ ತೊಡೆ ಮುರಿದವನಂತೆ ಕುಸಿಯದಿದ್ದರೆ ಭೀಮನ ಗದೆ ಮರಳಿ ತಗಡಾಗುತ್ತದೆ. ಆಯುಧದ ಶಕ್ತಿಯನ್ನು ತೋರಿಸುವವನು ಅದನ್ನು ಹಿಡಿದವನಿಗಿಂತ ಅದಕ್ಕೆ ಗುರಿಯಾದವನೇ ಎಂಬ ಮಾತು ಬೆಳಕಿನ ಬಂದೂಕಿಗೂ ಅಷ್ಟೇ ಸಲ್ಲುತ್ತದೆ.

ಕೃಷ್ಣನ ಚಕ್ರದ ವಿಷಯ ಬೇರೆ. ಅದು ತೂಕದ ಆಯುಧವಲ್ಲ, ಬೆಳಕಿನ ಆಯುಧ. ಪಂಜಿನ ಮೇಲೆ ರಾಳದ ಪುಡಿ ಎರಚಿ ಬೆಂಕಿಯ ನಾಲಗೆ ಎಬ್ಬಿಸುತ್ತಿದ್ದ ಕಾಲ ಕಳೆದು, ಈಗ ಬ್ಯಾಟರಿಯಿಂದ ತಿರುಗುವ, ಅಂಚಿಗೆ ಪುಟ್ಟ ದೀಪಗಳನ್ನು ಸುತ್ತಿದ ಚಕ್ರಗಳು ಬಂದಿವೆ. ಅವುಗಳನ್ನು ಕಂಡು ಮೂಗು ಮುರಿಯುವವರೂ ಇದ್ದಾರೆ. ಆದರೆ ಯಾವ ಯುಗಕ್ಕೂ ಸೇರದ ಒಂದು ಆಯುಧ ತನ್ನಷ್ಟಕ್ಕೆ ತಾನು ಬೆಳಗುತ್ತ ತಿರುಗಬೇಕೆಂಬ ಆಸೆ ಶುದ್ಧವಾದ ವೈಜ್ಞಾನಿಕ ಕಲ್ಪನೆಯೇ ಆಗಿದೆ, ಮತ್ತು ಸಿಕ್ಕ ತಂತ್ರವನ್ನು ಆ ಆಸೆಗೆ ದುಡಿಸಿಕೊಂಡ ಕೈಗಳು ಗೌರವಕ್ಕೆ ಅರ್ಹವಾದವು.

ರಂಗದ ಈ ವಿದ್ಯೆ ಕನ್ನಡ ಸಿನಿಮಾಕ್ಕೆ ನಟರ ಮೈಯ ಮೂಲಕವೇ ಹರಿಯಿತು. ಗುಬ್ಬಿ ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರ್ 1954ರ ‘ಬೇಡರ ಕಣ್ಣಪ್ಪ’ದಲ್ಲಿ ಬಿಲ್ಲು ಬಾಣಗಳೊಂದಿಗೆ ನಾಯಕನಾಗಿ ಬಂದರು, ತಿಪಟೂರಿನ ನರಸಿಂಹರಾಜು ಅವರ ಚಿತ್ರಜೀವನ ತೊಡಗಿದ್ದೂ ಅದೇ ಚಿತ್ರದಿಂದ. 1968ರಲ್ಲಿ ಇಬ್ಬರೂ ದೊರೈ–ಭಗವಾನ್ ನಿರ್ದೇಶಕ ಜೋಡಿಯ ‘ಜೇಡರ ಬಲೆ’ಯಲ್ಲಿ ಕಾಣಿಸಿಕೊಂಡರು. ಅಗ್ಗದ ಲೋಹವನ್ನು ಚಿನ್ನವಾಗಿಸುವ ವಿಜ್ಞಾನಿಯ ಸೂತ್ರದ ಸುತ್ತ ಹೆಣೆದ ಆ ಕಥೆಯಲ್ಲಿ ರಾಜ್‌ಕುಮಾರ್ ಗೂಢಚಾರ ಸಿಐಡಿ 999. ವೈಜ್ಞಾನಿಕ ಕಲ್ಪನೆಯ ಹೊಸ್ತಿಲಲ್ಲಿ ನಿಂತ ಕನ್ನಡ ಸಾಹಸ ಚಿತ್ರವೆಂದು ಅದನ್ನು ಕರೆದರೆ ತಪ್ಪಾಗದು. ಬಿಲ್ಲಿನಿಂದ ಪಿಸ್ತೂಲಿಗೆ ಬಂದ ಅದೇ ಕೈ 1977ರ ‘ಬಬ್ರುವಾಹನ’ದಲ್ಲಿ ಅರ್ಜುನನಾಗಿಯೂ ಬಬ್ರುವಾಹನನಾಗಿಯೂ ಬಾಣ ಹೂಡಿತು, ಮರುವರ್ಷ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ಮತ್ತೆ ಗೂಢಚಾರನ ಕೈಯಾಯಿತು. ಈ ಚಿತ್ರಗಳನ್ನು ಒಂದರ ಹಿಂದೊಂದು ನೋಡಿದವನಿಗೆ, ಆಯುಧ ಬದಲಾದರೂ ಗುರಿಯಿಡುವ ಮುನ್ನಿನ ಆ ನಿಲುವು, ಎದೆಯನ್ನು ತೆರೆದು ಕಣ್ಣನ್ನು ಎದುರಾಳಿಯ ಮೇಲೆ ನೆಟ್ಟು ಅರೆಕ್ಷಣ ತಡೆಯುವ ರೀತಿ, ರಂಗಮಂಚದ್ದೇ ಎಂದು ತೋರುತ್ತದೆ. ಪಿಸ್ತೂಲನ್ನು ಅಸ್ತ್ರದಂತೆ ಹಿಡಿದದ್ದರಲ್ಲಿ ಆ ಚಿತ್ರಗಳ ಸೊಬಗಿದೆ.

ತೆರೆಯ ಬಂದೂಕಿಗೆ ಕ್ಯಾಮರಾದಿಂದ ಹುಟ್ಟುವ ತೊಡಕೊಂದಿದೆ. ಚಿತ್ರೀಕರಣದಲ್ಲಿ ಬಳಸುವ ಹುಸಿ ತೋಟಾದಲ್ಲಿ ಮದ್ದಿರುತ್ತದೆ, ಸೀಸದ ಗುಂಡಿರುವುದಿಲ್ಲ; ಹೊಡೆದಾಗ ನಳಿಕೆಯ ಬಾಯಲ್ಲಿ ಹೊಮ್ಮುವ ಜ್ವಾಲೆ ಸೆಕೆಂಡಿನ ಕೆಲವೇ ಸಾವಿರದ ಭಾಗಗಳಷ್ಟು ಹೊತ್ತು ಉಳಿಯುತ್ತದೆ. ಸೆಕೆಂಡಿಗೆ 24 ಚೌಕಟ್ಟುಗಳನ್ನು ಹಿಡಿಯುವ ಫಿಲಂ ಕ್ಯಾಮರಾದ ಷಟರು, ಅಂದರೆ ಬೆಳಕನ್ನು ಬಿಟ್ಟು ತಡೆಯುವ ತಿರುಗು ತಟ್ಟೆ, ಸಾಮಾನ್ಯವಾಗಿ ಅರ್ಧ ಹೊತ್ತು ಮುಚ್ಚಿಯೇ ಇರುವುದರಿಂದ, ಹಾರಿಸಿದ ತೋಟಾಗಳಲ್ಲಿ ಅರ್ಧದಷ್ಟರ ಬೆಂಕಿ ಚಿತ್ರಕ್ಕೆ ಸಿಗದೆ ಹೋಗಬಹುದು. ನಿಜವಾದ ಬೆಂಕಿಯನ್ನೂ ತೆರೆ ಹೀಗೆ ಸೋಸಿಯೇ ಒಳಬಿಡುತ್ತದೆ. ‘ಸ್ಟಾರ್ ವಾರ್ಸ್’ನಲ್ಲಿ ಹುಸಿ ತೋಟಾಗಳನ್ನು ಹಾರಿಸಿ, ಬೆಳಕಿನ ತುಣುಕುಗಳನ್ನು ಆಮೇಲೆ ಚೌಕಟ್ಟು ಚೌಕಟ್ಟಾಗಿ ಸೇರಿಸಿದರು, ಸದ್ದಿಗಾಗಿ ಧ್ವನಿ ವಿನ್ಯಾಸಕ ಬೆನ್ ಬರ್ಟ್ ರೇಡಿಯೋ ಗೋಪುರದ ಆಧಾರದ ತಂತಿಯನ್ನು ಬಡಿದು ಧ್ವನಿಮುದ್ರಿಸಿಕೊಂಡರು. ನೇಪಥ್ಯದಲ್ಲಿ ತಗಡಿನ ಹಾಳೆ ಅಲುಗಾಡಿಸಿ ಗುಡುಗು ತರಿಸಿದ ಕಂಪನಿ ನಾಟಕದ ಕೆಲಸಗಾರನಿಗೆ ಬರ್ಟ್ ಅವರ ಉಪಾಯವನ್ನು ವಿವರಿಸಿ ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ.

ಸೆಟ್ಟಿನ ಬಂದೂಕು ನಿರಪಾಯಕಾರಿಯೆಂಬ ನಂಬಿಕೆ ದುಬಾರಿಯಾದದ್ದೂ ಉಂಟು: 1993ರಲ್ಲಿ ‘ದಿ ಕ್ರೋ’ ಚಿತ್ರೀಕರಣದಲ್ಲಿ ಅಂಥ ಬಂದೂಕಿನಿಂದಲೇ ನಟ ಬ್ರಾಂಡನ್ ಲೀ ಸತ್ತರು, 2021ರಲ್ಲಿ ‘ರಸ್ಟ್’ ಚಿತ್ರದ ಸೆಟ್ಟಿನಲ್ಲಿ ಇರಲೇಬಾರದಾಗಿದ್ದ ನಿಜವಾದ ಗುಂಡು ಹಾರಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಪ್ರಾಣ ಕಳೆದುಕೊಂಡರು. ಅಲ್ಲಿಂದೀಚೆಗೆ ಹಲವು ಚಿತ್ರತಂಡಗಳು ಮದ್ದನ್ನೇ ಬಿಟ್ಟು, ಹಾರದ ಬಂದೂಕು ಹಿಡಿಸಿ, ಬೆಂಕಿಯನ್ನು ಗಣಕಯಂತ್ರದಲ್ಲಿ ಕೂಡಿಸುತ್ತಿವೆ. ಇದು ಒಪ್ಪಬೇಕಾದ ಬದಲಾವಣೆ. ಯಾವ ದೃಶ್ಯವೂ ಒಂದು ಜೀವಕ್ಕೆ ಸಮನಲ್ಲ. ಆದರೆ ಅದರಿಂದ ನಟನ ಕೆಲಸ ಹೆಚ್ಚಿದೆ. ಒದೆಯದ ಬಂದೂಕು ಒದ್ದಂತೆ ಹೆಗಲು ಹಿಂದಕ್ಕೆ ಸರಿಯಬೇಕು, ಇಲ್ಲದ ಸದ್ದಿಗೆ ರೆಪ್ಪೆ ಮುಚ್ಚಬೇಕು, ಅದೂ ಪ್ರತಿ ಸಲ ಒಂದೇ ಅಳತೆಯಲ್ಲಿ. 2010ರ ತಮಿಳು ಚಿತ್ರ ‘ಎಂದಿರನ್’ನ ಕೊನೆಯಲ್ಲಿ ನೂರಾರು ಯಂತ್ರಮಾನವರು ಒಂದಕ್ಕೊಂದು ಅಂಟಿಕೊಂಡು ಎಲ್ಲ ದಿಕ್ಕಿಗೂ ಬಂದೂಕು ಚಾಚಿದ ಚೆಂಡಾಗಿ ಉರುಳುವ ದೃಶ್ಯ ಕಣ್ಣಿಗೆ ಹಬ್ಬವೇ ಸರಿ, ಅಲ್ಲಿ ಬೆರಗಿದೆ, ತೂಕವಿಲ್ಲ, ಏಕೆಂದರೆ ಆ ಬಂದೂಕುಗಳನ್ನು ಯಾವ ಮನುಷ್ಯನ ಮಣಿಕಟ್ಟೂ ಹೊತ್ತಿಲ್ಲ.

ಮತ್ತೆ ತುಮಕೂರಿನ ಕಡೆಗೆ ತಿರುಗಿದರೆ, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ, 615 ಎಕರೆ ನೆಲದಲ್ಲಿ, ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಗೊಂಡಿತು. ರಂಗವೈಭವಕ್ಕೆ ಹೆಸರಾದ ಊರಿನ ಸೀಮೆಯಲ್ಲಿಯೇ ಸೈನ್ಯಕ್ಕೆ ಹಾರುವ ಯಂತ್ರಗಳನ್ನು ಕಟ್ಟುವ ಕಾರ್ಖಾನೆ ಎದ್ದಿರುವುದರಿಂದ, ಕನ್ನಡದ ಮುಂದಿನ ವೈಜ್ಞಾನಿಕ ಸಾಹಸ ಚಿತ್ರವೊಂದು ಇಲ್ಲಿಯೇ ನಡೆಯುವುದು ಅಸಂಭವವೇನಲ್ಲ. ಅಂಥ ಚಿತ್ರಕ್ಕೆ ಆಯುಧ ಮಾಡಲು ಹೊರಡುವವರು ಹೊರದೇಶದ ನಕ್ಷೆಗಳನ್ನು ಬಿಚ್ಚುವ ಮೊದಲು ತುಮಕೂರಿನ ಡ್ರಾಮಾ ಸೀನರಿಯವರ ಉಗ್ರಾಣದ ಬಾಗಿಲು ತಟ್ಟಿ, ಒಂದು ಗದೆಯನ್ನು ಕೈಗೆ ತೆಗೆದುಕೊಂಡು ಅದರ ಹಿಡಿಯ ದಪ್ಪ, ತಲೆಯ ಸುತ್ತಳತೆ, ತೂಕ ನಿಲ್ಲುವ ಬಿಂದು ಇವುಗಳನ್ನು ಅಳೆದು ಬರೆದುಕೊಳ್ಳಬೇಕು. ಆಮೇಲೆ, ಕುಣಿಗಲ್ ಕಡೆಯ ಯಾವುದಾದರೂ ಊರಿನಲ್ಲಿ ಭೀಮನ ಪಾತ್ರ ಮಾಡುವವರನ್ನು ಕರೆಸಿ, ತಾವು ಮಾಡಿದ ಬಂದೂಕನ್ನು ಮೊದಲು ಅವರ ಕೈಯಲ್ಲಿ ಹಿಡಿಸಿ ನೋಡಬೇಕು.