ತಿಮಿಂಗಿಲದ ದೇಹಪರೀಕ್ಷೆ

ರೋಗಿಯನ್ನು ಪರೀಕ್ಷಿಸುವುದಕ್ಕೆ ನಮ್ಮ ಪ್ರಾಚೀನ ವೈದ್ಯಶಾಸ್ತ್ರವು ಮೂರು ದಾರಿಗಳನ್ನು ಹೇಳಿದೆ: ದರ್ಶನ, ಸ್ಪರ್ಶನ, ಪ್ರಶ್ನ. ಕಣ್ಣಿನಿಂದ ನೋಡುವುದು ಒಂದು, ಕೈಯಿಂದ ಮುಟ್ಟಿ ತಿಳಿಯುವುದು ಇನ್ನೊಂದು, ಬಾಯಿಂದ ಕೇಳಿ ತಿಳಿಯುವುದು ಮತ್ತೊಂದು. ವಾಗ್ಭಟನ ಅಷ್ಟಾಂಗಹೃದಯವನ್ನು ಓದಿದವರು ಇದನ್ನು ಬಲ್ಲರು. ಓದದ ಗೃಹಿಣಿಯರೂ ದಿನದಿನವೂ ಇದನ್ನೇ ಮಾಡುತ್ತಿರುವರು. ಮಗುವಿನ ಮುಖ ಬಾಡಿದುದನ್ನು ಕಂಡು, ಹಣೆಯನ್ನು ಮುಟ್ಟಿ, “ಏನಾಗುತ್ತದೆ ಕಂದ?” ಎಂದು ಕೇಳುವ ತಾಯಿಯು ಈ ಮೂರನ್ನೂ ಅರೆನಿಮಿಷದಲ್ಲಿ ಮುಗಿಸಿಬಿಡುವಳು. ಮೂಕಪ್ರಾಣಿಗಳ ವಿಷಯದಲ್ಲಿ ಮೂರನೆಯ ದಾರಿಯು ಮುಚ್ಚಿಹೋಗುತ್ತದೆ. ನೋಡುವುದೂ ಮುಟ್ಟುವುದೂ ಉಳಿದಿರುತ್ತವೆ. ಸಾಗರದ ನಡುವೆ ಮುಳುಗೇಳುತ್ತಿರುವ ತಿಮಿಂಗಿಲಕ್ಕೆ ಕಾಯಿಲೆಯಾದರೆ ಅದನ್ನು ಅರಿಯುವುದು ಹೇಗೆ? ಅದನ್ನು ಕೇಳುವಂತಿಲ್ಲ, ಮುಟ್ಟುವಂತಿಲ್ಲ. ನೋಡೋಣವೆಂದರೆ ಬೆನ್ನಿನ ಒಂದು ಅಂಚು ಮಾತ್ರ ಕ್ಷಣಕಾಲ ತೋರಿ ಮರೆಯಾಗುತ್ತದೆ.

ಪಟ್ಟನಾಯಕನಹಳ್ಳಿಯಂತಹ ಬಯಲುಸೀಮೆಯ ಊರಿನಲ್ಲಿ ಕುಳಿತು ಇಂತಹ ಪ್ರಶ್ನೆಯನ್ನೆತ್ತುವುದು ವಾಚಕರಿಗೆ ವಿನೋದವಾಗಿ ತೋರಬಹುದು. ಕೆರೆ ತುಂಬಿದ ವರ್ಷವನ್ನು ಹಬ್ಬದಂತೆ ನೆನೆಯುವ ಜನ ನಾವು. ನಮಗೂ ಕಡಲಿಗೂ ದೂರ. ಆದರೆ ಚಾಲಕನಿಲ್ಲದೆ ಹಾರುವ ಡ್ರೋನ್ ಎಂಬ ಪುಟ್ಟ ಯಂತ್ರವು ಈಗ ನಮಗೂ ಹೊಸದಲ್ಲ. ಮದುವೆಯ ಚಪ್ಪರದ ಮೇಲೆ ಅದು ಜೇನುಹುಳುವಿನಂತೆ ಗುಂಯ್ಗುಡುತ್ತ ಚಿತ್ರ ತೆಗೆಯುವುದನ್ನು ಎಲ್ಲರೂ ಕಂಡಿರುವೆವು. 2020ರಲ್ಲಿ ಮೊದಲಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಮನೆ ನಿವೇಶನಗಳನ್ನು ಅಳೆಯುವುದಕ್ಕೂ ಅದನ್ನೇ ಹಾರಿಸಿದರು. ಆ ಯಂತ್ರವೇ ಕಡಲಿನ ಮೇಲೆ ವೈದ್ಯನ ಕಣ್ಣಾಗಿ ಕೆಲಸಮಾಡುತ್ತಿದೆಯೆಂಬ ಸಂಗತಿಯನ್ನು ಓದಿದಂದಿನಿಂದ ನನ್ನ ಮನಸ್ಸು ಅದರಲ್ಲಿಯೇ ನಟ್ಟಿದೆ.

ತಿಮಿಯೆಂಬ ಮಹಾಮತ್ಸ್ಯವನ್ನೇ ನುಂಗುವಂಥದು ತಿಮಿಂಗಿಲವೆಂದು ಶಬ್ದದ ಅರ್ಥ. ಅಮರಕೋಶವು ಇವೆರಡನ್ನೂ ಮೀನುಗಳ ಸಾಲಿನಲ್ಲಿ ಹೇಳಿದೆ. ಇಂದಿನ ಶಾಸ್ತ್ರದ ಪ್ರಕಾರ ತಿಮಿಂಗಿಲವು ಮೀನಲ್ಲ. ಅದು ಬಿಸಿರಕ್ತದ ಪ್ರಾಣಿ, ಮರಿ ಹಾಕಿ ಹಾಲೂಡಿಸುತ್ತದೆ, ಉಸಿರಿಗಾಗಿ ಮೇಲಕ್ಕೆ ಬರುತ್ತದೆ. ರಘುವಂಶದ 13ನೆಯ ಸರ್ಗದಲ್ಲಿ ಲಂಕೆಯಿಂದ ಹಿಂದಿರುಗುವ ರಾಮನು ಪುಷ್ಪಕವಿಮಾನದಿಂದ ಸೀತೆಗೆ ಸಮುದ್ರವನ್ನು ತೋರಿಸುವಾಗ, ತಲೆಯ ರಂಧ್ರಗಳಿಂದ ನೀರನ್ನು ಮೇಲಕ್ಕೆ ಚಿಮ್ಮಿಸುವ ತಿಮಿಗಳನ್ನೂ ತೋರಿಸುತ್ತಾನೆ. ನಾನು ಇದನ್ನು ಎಷ್ಟೋ ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ. ಆಕಾಶದಿಂದ ನೋಡಿದರೇ ತಿಮಿಂಗಿಲದ ಇಡಿಯ ಮೈ ಕಾಣುವುದೆಂಬುದೂ, ಅದರ ನೆತ್ತಿಯ ರಂಧ್ರವೇ ಗಮನಿಸತಕ್ಕ ಸ್ಥಳವೆಂಬುದೂ ಕವಿಯ ಚಿತ್ರದಲ್ಲಿ ಆಗಲೇ ಇವೆ. ಚಿಮ್ಮುವುದು ಬಹುಮಟ್ಟಿಗೆ ಉಸಿರಿನ ಹಬೆಯೆಂಬುದನ್ನು ಮಾತ್ರ ನಾವು ಸೇರಿಸಿಕೊಳ್ಳಬೇಕು.

ಮೊದಲು ಮನುಷ್ಯನು ತಿಮಿಂಗಿಲದ ದೇಹವನ್ನು ಅರಿತುದು ಅದನ್ನು ಕೊಂದು. ಎಣ್ಣೆಗಾಗಿ ಬೇಟೆಯಾಡಿದವರ ಹಡಗುಗಳ ಮೇಲೆ ಕೊಬ್ಬಿನ ದಪ್ಪವನ್ನು ಅಳೆಯುತ್ತಿದ್ದರು. ವ್ಯಾಪಾರಕ್ಕಾಗಿ ನಡೆಯುತ್ತಿದ್ದ ಬೇಟೆಯನ್ನು ನಿಲ್ಲಿಸಬೇಕೆಂದು ಅಂತರರಾಷ್ಟ್ರೀಯ ಆಯೋಗವು 1982ರಲ್ಲಿ ತೀರ್ಮಾನಿಸಿತು. ಅದು 1986ರಿಂದ ಜಾರಿಗೆ ಬಂದಿತು. ಎರಡನೆಯ ದಾರಿಯೆಂದರೆ ಸತ್ತು ದಡಕ್ಕೆ ಬಿದ್ದವನ್ನು ಸೀಳಿ ನೋಡುವುದು. ನಮ್ಮ ಉತ್ತರಕನ್ನಡದ ತೀರದಲ್ಲಿಯೂ ಆಗಾಗ ಅಂತಹ ಕಳೇಬರಗಳು ಬಂದು ಬೀಳುವುದುಂಟು. ಶವವು ಸತ್ತ ಕಾರಣವನ್ನು ಹೇಳೀತು. ಬದುಕಿರುವ ಬಳಗದ ಸುದ್ದಿಯನ್ನು ಹೇಳದು. ಮೂರನೆಯದು, ದೋಣಿಯಲ್ಲಿ ಹತ್ತಿರ ಹೋಗಿ ಬಾಣದಂತಹ ಸಾಧನದಿಂದ ಚರ್ಮದ ಚೂರನ್ನು ಕೀಳುವುದು. ಇದರಿಂದ ಉಪಯೋಗವುಂಟು, ಆದರೆ ಪ್ರಾಣಿಗೆ ನೋವೂ ಬೆದರಿಕೆಯೂ ತಪ್ಪವು.

ನಮ್ಮ ಸೀಮೆಯ ಕುರಿಸಂತೆಯಲ್ಲಿ ಕೊಳ್ಳುವವನು ಏನು ಮಾಡುವನೆಂಬುದನ್ನು ವಾಚಕರು ನೋಡಿರಬಹುದು. ಕುರಿಯ ಬೆನ್ನಿನ ಮೇಲೆ ಕೈಯಿಟ್ಟು ಅದುಮುವನು. ಬೆನ್ನೆಲುಬು ಬೆರಳಿಗೆ ಚುಚ್ಚಿದರೆ ಕುರಿ ಬಡವಾಗಿದೆ. ಎಲುಬು ಮಾಂಸದಲ್ಲಿ ಅಡಗಿದ್ದರೆ ಮೇವು ಚೆನ್ನಾಗಿ ಹತ್ತಿದೆ. ಡ್ರೋನಿನ ವಿದ್ವಾಂಸರು ಮಾಡುವುದೂ ಇದೇ ಪರೀಕ್ಷೆ. ತಿಮಿಂಗಿಲವು ನೀರಿನ ಮೇಲೆ ನೇರವಾಗಿ ಮೈ ಚಾಚಿದ ಕ್ಷಣದಲ್ಲಿ ಮೇಲಿನಿಂದ ಚಿತ್ರ ತೆಗೆಯುತ್ತಾರೆ. ಯಂತ್ರವು ಎಷ್ಟು ಎತ್ತರದಲ್ಲಿತ್ತೆಂಬುದು ತಿಳಿದಿದ್ದರೆ ಗಣಿತದಿಂದ ಪ್ರಾಣಿಯ ನಿಜವಾದ ಉದ್ದ ದೊರೆಯುತ್ತದೆ. ಅನಂತರ ತಲೆಯಿಂದ ಬಾಲದವರೆಗೆ ಸಮಾನ ಅಂತರಗಳಲ್ಲಿ ಅಗಲವನ್ನು ಅಳೆಯುತ್ತಾರೆ. ಉದ್ದಕ್ಕೆ ತಕ್ಕ ಅಗಲವಿದ್ದರೆ ಪುಷ್ಟಿ, ಇಲ್ಲದಿದ್ದರೆ ಕಾರ್ಶ್ಯ. 2014ರಲ್ಲಿ ಕೆನಡಾ ದೇಶದ ವ್ಯಾಂಕೂವರ್ ದ್ವೀಪದ ಬಳಿ ಕೊಲೆಗಾರ ತಿಮಿಂಗಿಲವೆಂದು ಹೆಸರಾದ ಆರ್ಕಗಳನ್ನು ಆರು ರೆಕ್ಕೆಗಾಲಿಗಳ ಯಂತ್ರದಿಂದ ಹೀಗೆ ಚಿತ್ರಿಸಿದಾಗ, ಬಡವಾದುವು ಯಾವುವು, ಬಸುರಿಯರು ಯಾರೆಂಬುದು ಕೂಡ ತಿಳಿಯಿತು.

ನಮ್ಮ ತಾಯಿಯವರು ತಮ್ಮ ದೇಹದ ಕಷ್ಟವನ್ನು ಬಾಯಿಬಿಟ್ಟು ಹೇಳಿದವರಲ್ಲ. ಮನೆತುಂಬ ಮಕ್ಕಳು, ಎಲ್ಲರಿಗೂ ಬಡಿಸಿದ ಮೇಲೆ ಉಳಿದುದು ಅವರ ಊಟ. ಒಮ್ಮೆ ನಮ್ಮ ದೊಡ್ಡಮ್ಮ ಮಧುಗಿರಿಯಿಂದ ಬಂದವರು, ತಾಯಿಯವರು ಮುದ್ದೆ ಕಟ್ಟುವುದನ್ನು ನೋಡುತ್ತ ಕುಳಿತಿದ್ದರು. ಕೈ ಎತ್ತಿದಾಗ ಗಾಜಿನ ಬಳೆಗಳು ಮೊಣಕೈವರೆಗೆ ಜಾರಿದುವು. “ಏನೇ ಇದು, ಹೋದ ಸುಗ್ಗಿಯಲ್ಲಿ ತೊಡಿಸಿದ ಬಳೆ ಇಷ್ಟು ಸಡಿಲವಾಗಿದೆ? ನಾಳೆಯೇ ವೈದ್ಯರ ಹತ್ತಿರಕ್ಕೆ ನಡಿ” ಎಂದರು. ಕಾಲದಲ್ಲಿ ಔಷಧ ದೊರೆತುದರಿಂದ ತಾಯಿಯವರು ಆಮೇಲೆ ಬಹುಕಾಲ ಬಾಳಿದರು. ಮಾತನಾಡದವರ ಕಾಯಿಲೆಯನ್ನು ತಿಳಿಯಲು ಒಂದು ಅಳತೆಯೂ, ಅದನ್ನು ಮೊದಲಿನ ಅಳತೆಗೆ ಹೋಲಿಸುವ ಅಕ್ಕರೆಯ ಕಣ್ಣೂ ಬೇಕು.

ತಿಮಿಂಗಿಲಗಳಲ್ಲಿಯೂ ತಾಯಂದಿರ ಸ್ಥಿತಿ ಹೀಗೆಯೇ ಇದೆ. ದಕ್ಷಿಣ ಸಮುದ್ರದ ರೈಟ್ ತಿಮಿಂಗಿಲವು ಮರಿ ಹಾಕಲು ದಡದ ಬಳಿಯ ನೀರಿಗೆ ಬಂದಾಗ ತಿಂಗಳುಗಟ್ಟಲೆ ಹೆಚ್ಚಿನ ಆಹಾರವಿಲ್ಲದೆಯೇ ಹಾಲೂಡಿಸುತ್ತದೆ. ಆಸ್ಟ್ರೇಲಿಯದ ತೆಂಕಣ ತೀರದಲ್ಲಿ ಡ್ರೋನಿನಿಂದ ಅವೇ ತಾಯಿಮಕ್ಕಳನ್ನು ಮತ್ತೆ ಮತ್ತೆ ಅಳೆದು ನೋಡಿದರು. 2018ರಲ್ಲಿ ಪ್ರಕಟವಾದ ಆ ಲೆಕ್ಕದಂತೆ ಮರಿಯು ದಿನಕ್ಕೆ 3 ಸೆಂಟಿಮೀಟರಿಗಿಂತ ಹೆಚ್ಚು ಬೆಳೆಯುತ್ತದೆ. ಮೂರು ತಿಂಗಳಲ್ಲಿ ತಾಯಿಯ ಗಾತ್ರವು ಸರಾಸರಿ 25 ಭಾಗದಷ್ಟು, ಎಂದರೆ ನಾಲ್ಕರಲ್ಲೊಂದು ಪಾಲು, ಕರಗುತ್ತದೆ. ತಾಯಿ ಮೊದಲೇ ಬಡವಾಗಿದ್ದರೆ ಕರಗುವುದಕ್ಕೆ ಉಳಿದಿರುವುದಾದರೂ ಏನು?

ಅಂತಹ ಬಡತನ ಉತ್ತರ ಅಟ್ಲಾಂಟಿಕ್ ಸಾಗರದ ರೈಟ್ ತಿಮಿಂಗಿಲಗಳಿಗೆ ಬಂದಿದೆ. ಅವುಗಳ ಸಂಖ್ಯೆ ನಾನೂರನ್ನೂ ಮುಟ್ಟದು. 2020ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಇವನ್ನು ಆಸ್ಟ್ರೇಲಿಯ, ನ್ಯೂಜಿಲೆಂಡ್, ಅರ್ಜೆಂಟೀನಗಳ ಕಡಲಿನ ದಾಯಾದಿಗಳೊಡನೆ ಹೋಲಿಸಿದರು. ಪ್ರಾಯಕ್ಕೆ ಬಂದುವು, ಬಾರದುವು, ಹಾಲೂಡಿಸುವ ತಾಯಂದಿರು—ಎಲ್ಲವೂ ದಕ್ಷಿಣದವಕ್ಕಿಂತ ಬಡಕಲು. ಮೀನುಗಾರಿಕೆಯ ಹಗ್ಗಗಳಲ್ಲಿ ಸಿಕ್ಕಿ ಅವನ್ನು ತಿಂಗಳುಗಟ್ಟಲೆ ಎಳೆದುಕೊಂಡು ತಿರುಗುವುದು, ಹಡಗುಗಳ ಪೆಟ್ಟು, ಆಹಾರದ ಕೊರತೆ—ಇವು ಅವುಗಳ ಸಂಕಟಗಳು.

ನೋಡುವುದು ಹೀಗಾದರೆ, ಮುಟ್ಟದೆ ಮುಟ್ಟುವ ಉಪಾಯವೂ ಒಂದುಂಟು. ಮೆಕ್ಸಿಕೋದ ಸಂಶೋಧಕಿ ಕರೀನಾ ಅಸೆವೆಡೊ-ವೈಟ್‌ಹೌಸ್ ಮತ್ತು ಅವರ ಸಂಗಡಿಗರು ಆಟಿಕೆಯಂತಹ ಸಣ್ಣ ಹೆಲಿಕಾಪ್ಟರಿಗೆ ಗಾಜಿನ ತಟ್ಟೆಗಳನ್ನು ಕಟ್ಟಿ, ತಿಮಿಂಗಿಲವು ಉಸಿರು ಬಿಟ್ಟಾಗ ಆ ಹಬೆಯ ನಡುವೆ ಹಾರಿಸಿದರು. ನಗಿಸಿ ಆಮೇಲೆ ಚಿಂತನೆಗೆ ಹಚ್ಚುವ ಕೆಲಸಗಳಿಗೆ ಕೊಡುವ ಇಗ್ನೊಬೆಲ್ ಬಹುಮಾನ 2010ರಲ್ಲಿ ಅವರಿಗೆ ಬಂದಿತು. ಈಗ ಡ್ರೋನು ಆ ಕೆಲಸವನ್ನು ಮಾಡುತ್ತಿದೆ. ತಟ್ಟೆಗೆ ಅಂಟಿದ ಸಿಂಬಳದ ಹನಿಗಳಲ್ಲಿ ಶ್ವಾಸಕೋಶದ ಸೂಕ್ಷ್ಮಜೀವಿಗಳು ಸಿಕ್ಕುತ್ತವೆ. ಹೀಗೆ ಪರೀಕ್ಷಿಸಿದ 26 ಹಂಪ್‌ಬ್ಯಾಕ್ ತಿಮಿಂಗಿಲಗಳ ವಿಷಯ 2017ರಲ್ಲಿ ಪ್ರಕಟವಾಯಿತು. ಬೇರೆ ಬೇರೆ ಸಾಗರಗಳವಾದರೂ ಅವೆಲ್ಲದರ ಉಸಿರಿನಲ್ಲಿ ಕೆಲವು ಜೀವಾಣುಗಳು ಸಮಾನವಾಗಿದ್ದುವು. ಆರೋಗ್ಯದ ಲಕ್ಷಣ ಗೊತ್ತಾದರೆ ತಾನೆ ರೋಗದ ಲಕ್ಷಣ ಗೊತ್ತಾಗುವುದು!

ಇದೆಲ್ಲ ದೂರದೇಶದ ಮಾತೆಂದು ತಳ್ಳುವಂತಿಲ್ಲ. ನಮ್ಮ ಅರಬ್ಬೀ ಸಮುದ್ರದ ಹಂಪ್‌ಬ್ಯಾಕ್‌ಗಳು ತಮ್ಮ ಜಾತಿಯ ಉಳಿದುವುಗಳಂತೆ ಧ್ರುವದ ಕಡೆಗೆ ವಲಸೆ ಹೋಗದೆ ಇಲ್ಲಿಯೇ ಸಂಸಾರ ಮಾಡುತ್ತವೆ. ಒಮಾನಿನ ತೀರದಲ್ಲಿ ತೆಗೆದ ಚಿತ್ರಗಳಿಂದ ಎಣಿಸಿ, ಅವು ಸುಮಾರು 82 ಇರಬಹುದೆಂದು 2011ರಲ್ಲಿ ಅಂದಾಜು ಪ್ರಕಟಿಸಿದರು. ಕೆಲವುಗಳ ಚರ್ಮದಲ್ಲಿ ಹಚ್ಚೆ ಚುಚ್ಚಿದಂತಹ ರೋಗದ ಕಲೆಗಳಿರುವುದೂ ಚಿತ್ರಗಳಿಂದಲೇ ತಿಳಿಯಿತು. 2017ರಲ್ಲಿ ಉಪಗ್ರಹಕ್ಕೆ ಸಂಕೇತ ಕಳುಹಿಸುವ ಸಾಧನವನ್ನು ಧರಿಸಿದ ಲುಬಾನ್ ಎಂಬ ಹೆಣ್ಣು ತಿಮಿಂಗಿಲವು ಒಮಾನಿನಿಂದ ಹೊರಟು, ಸಮುದ್ರವನ್ನು ಅಡ್ಡಹಾಯ್ದು ಗೋವೆಯ ಕಡೆಗೆ ಬಂದು, ಅಲ್ಲಿಂದ ಕನ್ಯಾಕುಮಾರಿಯ ಕಡೆಗೆ ಇಳಿಯಿತು. ನಾವು ಧೂಪಕ್ಕೆ ಹಾಕುವ ಲೋಬಾನವೂ ಅವಳ ಹೆಸರೂ ಒಂದೇ ಮೂಲದ ಶಬ್ದಗಳು. ಕಾರವಾರ, ಹೊನ್ನಾವರ, ಮಂಗಳೂರುಗಳ ಎದುರಿನ ಕಡಲನ್ನು ದಾಟಿಯೇ ಅವಳು ಹೋಗಿರಬೇಕು. ಆ ದಿನಗಳಲ್ಲಿ ದಡದ ನಮ್ಮ ಜನರಿಗೆ ಇಂತಹ ಅತಿಥಿ ಬಂದುಹೋದ ಅರಿವೇ ಇರಲಾರದು.

ಯಂತ್ರದ ಗುಣವನ್ನು ಹೇಳಿದವನು ಅದರ ದೋಷವನ್ನೂ ಹೇಳಬೇಕು. ನಮ್ಮ ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಊರವರು ಅವನ್ನು ಅಟ್ಟದೆ ನೆಂಟರಂತೆ ಕಾಣುತ್ತಾರೆ. ಅಂತಹ ಗೂಡುಗಳ ಮೇಲೆ ಯಾರಾದರೂ ವಿನೋದಕ್ಕಾಗಿ ಡ್ರೋನನ್ನು ಹಾರಿಸಿದರೆ ತಾಯಿಹಕ್ಕಿಗಳು ಬೆದರಿ ಎದ್ದಾವು. ಮರಿಗಳು ಬಿಸಿಲಿಗೂ ಕಾಗೆಗೂ ಗುರಿಯಾದಾವು. ಕಡಲಿನಲ್ಲಿಯೂ ಅಷ್ಟೆ. ಅನುಮತಿ ಪಡೆದು, ತಕ್ಕ ಎತ್ತರದಲ್ಲಿ, ಮರಿಯೊಡನಿರುವ ತಾಯಿಯನ್ನು ಬಹಳ ಹೊತ್ತು ಬೆನ್ನಟ್ಟದೆ ನೋಡಿದರೆ ಅದು ವೈದ್ಯನ ದರ್ಶನ. ಮಿಕ್ಕುದು ಬರಿಯ ಕುತೂಹಲದ ಪೀಡೆ.

ರೋಗವನ್ನು ಕಂಡುಹಿಡಿದ ಮೇಲೆ ಮದ್ದು ಯಾವುದು? ತಿಮಿಂಗಿಲಕ್ಕೆ ಕಷಾಯ ಕುಡಿಸುವವರಾರು? ನಮ್ಮ ಮನೆಗಳಲ್ಲಿ ಮೊಲೆಗೂಸಿಗೆ ಹೊಟ್ಟೆನೋವು ಬಂದರೆ ಪಥ್ಯವನ್ನು ಹಿಡಿಯುವವಳು ತಾಯಿ. ಕೂಸಿಗಾಗಿ ಆಕೆ ತನಗೆ ಪ್ರಿಯವಾದುದನ್ನು ಬಿಡುತ್ತಾಳೆ. ಅದನ್ನು ಅನ್ಯಾಯವೆಂದು ಯಾವ ತಾಯಿಯೂ ಎಣಿಸಿದುದಿಲ್ಲ. ಇಲ್ಲಿಯೂ ಕಾಯಿಲೆ ತಿಮಿಂಗಿಲಕ್ಕೆ, ಪಥ್ಯ ಮನುಷ್ಯನಿಗೆ. ಅಮೆರಿಕದವರು 2008ರಲ್ಲಿ ರೈಟ್ ತಿಮಿಂಗಿಲಗಳು ಸಂಚರಿಸುವ ಋತುಗಳಲ್ಲಿ ಆಯಾ ಪ್ರದೇಶದ ದೊಡ್ಡ ಹಡಗುಗಳು 10 ನಾಟಿನ ವೇಗವನ್ನು ಮೀರಬಾರದೆಂದು ಕಟ್ಟುಮಾಡಿದುದು ಅಂತಹ ಒಂದು ಪಥ್ಯ. ನೀರಿನಲ್ಲಿ ನಿಂತ ಹಗ್ಗವಿಲ್ಲದೆ ಬಲೆಪಂಜರಗಳನ್ನು ಇಳಿಸುವ ಪ್ರಯತ್ನ ಇನ್ನೊಂದು. ಹರಿದ ಬಲೆಯನ್ನು ಕಡಲಿಗೆಸೆಯದೆ ದಡಕ್ಕೆ ತರುವ ನಮ್ಮ ಕರಾವಳಿಯ ಮೀನುಗಾರನೂ ಅದೇ ಪಥ್ಯವನ್ನು ಮಾಡಿದಂತೆ. ಡ್ರೋನು ಬಳೆ ಸಡಿಲವಾಗಿದೆಯೆಂದು ತೋರಿಸಿಕೊಟ್ಟಿತು. ನಾಳೆಯೇ ವೈದ್ಯರ ಹತ್ತಿರಕ್ಕೆ ನಡಿ ಎನ್ನುವ ಮಾತನ್ನು ಮಾತ್ರ ಮನುಷ್ಯನೇ ಆಡಬೇಕು.